ಹೆಸರು ಅಂಟಿಸಿದ ಗಾಜಿನ ತಟ್ಟೆ

ಮಾರ್ಚ್ ಬಂತೆಂದರೆ ಅಮೆರಿಕದ ಇಂಡಿಯಾನದಲ್ಲಿ ಯಾವುದಾದರೊಂದು ಕಾಲೇಜಿನ ಕೋಚ್ ಕೆಲಸ ಕಳೆದುಕೊಂಡು ಮನೆಗೆ ಹೋಗಲೇಬೇಕು. ಆ ವರ್ಷ ಬಕ್‌ಫೋರ್ಡ್ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ಸರದಿ. ಕೋಚಿಗೆ ಗೇಟ್‌ಪಾಸ್ ಸಿಕ್ಕಿತು, ಸಹಾಯಕ ಕೋಚ್ ಲೊರೆಟಾ ಹ್ಯಾಕ್‌ಮನ್ ಉಳಿದಳು. ಹಿಂದೆಯೂ ಹೀಗೇ ಆಗಿತ್ತು. ಪ್ರತಿ ಸಲ ಊರಿನವರು “ಈ ಸಲ ಕೋಚ್ ಕೆಲ್ಸ ನಿಂಗೇ ಕೊಡ್ತಾರೆ ನೋಡು” ಎನ್ನುವರು. ಪ್ರತಿ ಸಲ ಕಾಲೇಜಿನವರು ಹೊರಗಿನಿಂದ ಯಾರನ್ನೋ ಕರೆತಂದು ಮೆರವಣಿಗೆ ಮಾಡುವರು.

ಈ ಸಲ ಬಂದವನು ಕ್ಯಾಲಿಫೋರ್ನಿಯಾದ ಡೆವಿನ್ ಟ್ರಾಸ್ಕ್. ದೊಡ್ಡ ಲೀಗಿನಲ್ಲಿ ಆಡಿ ಹೆಸರು ಮಾಡಿದವನು, ಕೆಟ್ಟವನೇನಲ್ಲ. ಆಟ ಹೇಳಿಕೊಡಲು ಬರುತ್ತಿತ್ತು. ಆದರೆ ಆಡುವವರನ್ನು ಹುಡುಕಿ, ಒಪ್ಪಿಸಿ, ಕರೆತರುವ ಕೆಲಸವನ್ನು ಜನ್ಮದಲ್ಲಿ ಮಾಡಿರಲಿಲ್ಲ. ಹಿಟ್ಟೇ ಇಲ್ಲದೆ ರೊಟ್ಟಿ ತಟ್ಟುವವರುಂಟೆ?

ಲೊರೆಟಾಳ ಬದುಕೆಲ್ಲ ಹಿಟ್ಟು ತರುವುದರಲ್ಲೇ ಕಳೆದಿತ್ತು. ಟರ್ಕಿ ಕೋಳಿ ಸಾಕುವವನ ಮಗಳು ಅವಳು. ಕೊಟ್ಟಿಗೆಯ ಗೋಡೆಗೆ ರಿಂಗ್ ಹೊಡೆದುಕೊಂಡು ಆಟ ಕಲಿತಳು. ಕಾಲೇಜಿನ ಕೊನೆಯ ವರ್ಷ ಮಂಡಿ ಕೈಕೊಟ್ಟಿತು. ಅಂದಿನಿಂದ ಕಾರೇ ಅವಳಿಗೆ ಮನೆ. ಹೈಸ್ಕೂಲುಗಳಿಗೆ ಹೋಗಿ, ಮರದ ಮೆಟ್ಟಿಲ ಮೇಲೆ ಕೂತು, ಹುಡುಗಿಯರ ಆಟ ನೋಡುವಳು. ನೋಡಬಹುದು, ಆದರೆ ಮಾತಾಡುವಂತಿಲ್ಲ ಎಂಬ ನಿಯಮದ ತಿಂಗಳುಗಳಿರುತ್ತವೆ. ಆಗ ಕೆಂಪು ಸ್ವೆಟರ್ ಹಾಕಿಕೊಂಡು, ಹುಡುಗಿ ಶೂ ಲೇಸ್ ಕಟ್ಟುವ ಕಡೆಗೇ ಕೂರುವಳು. ಹುಡುಗಿಯರ ಬಾಯಲ್ಲಿ ಅವಳು ಕೋಚ್ ಹ್ಯಾಕ್; ಅವಳು ಬಂದಿದ್ದಾಳೆ ಎಂದು ಹುಡುಗಿಗೆ ಗೊತ್ತಾದರೆ ಸಾಕು. ಮಾತಾಡುವ ಕಾಲ ಬಂದಾಗ ಮನೆಗೆ ಹೋಗುವಳು, ಬಡಿಸಿದ್ದನ್ನು ಉಣ್ಣುವಳು, ಹೊರಡುವಾಗ ಹಿರಿಯರಿಗೆ ಒಂದೇ ಮಾತು ಹೇಳುವಳು: “ನಾನಿರ್ತೀನಿ.” ಕೋಚುಗಳು ಬಂದರು, ಹೋದರು. ಅವಳು ಮಾತ್ರ ಆ ಮಾತಿಗೆ ತಪ್ಪಿರಲಿಲ್ಲ.

ಜೋಲೀನ್ ಶ್ನೆಲ್ ಎಂಬ ಉದ್ದನೆಯ ಹುಡುಗಿ ಅದೇ ಮಾತು ನಂಬಿ ಬಕ್‌ಫೋರ್ಡಿಗೆ ಬರುತ್ತೇನೆಂದಿದ್ದಳು. ತಾಯಿ ಇಲ್ಲದ ಅವಳನ್ನು ಸಾಕಿದವಳು ಅಜ್ಜಿ ಬರ್ನೀಸ್. ಈಗ ಕೋಚ್ ಬದಲಾದ ಮೇಲೆ ಆ ಒಪ್ಪಿಗೆ ಸಡಿಲವಾಯಿತು. ದೊಡ್ಡ ವಿಶ್ವವಿದ್ಯಾಲಯವೊಂದು ಅವರ ಮನೆ ಬಾಗಿಲು ತಟ್ಟಿಯೂ ಆಗಿತ್ತು. ಅವಳು ಕೈತಪ್ಪಿದರೆ ಬಕ್‌ಫೋರ್ಡಿಗೆ ಬರುವ ವರ್ಷ ತಂಡವೆಂಬುದೇ ಇರುವುದಿಲ್ಲ. ಇತ್ತ ಲೊರೆಟಾಳನ್ನು ಉಳಿಸಿಕೊಳ್ಳುವೆಯಾ ಎಂದು ಕೇಳಿದರೆ ಟ್ರಾಸ್ಕ್ “ನೋಡೋಣ” ಎಂದಷ್ಟೇ ಹೇಳುತ್ತಿದ್ದ.

ಇಬ್ಬರೂ ಶುಕ್ರವಾರ ಬರ್ನೀಸಳ ಮನೆಗೆ ಹೋದರು. ಈಸ್ಟರಿಗೆ ಮುಂಚಿನ ತಪಸ್ಸುಕಾಲ. ಶುಕ್ರವಾರ ಆ ಕ್ಯಾಥೊಲಿಕರ ಊರಿನಲ್ಲಿ ಯಾರೂ ಮಾಂಸ ಮುಟ್ಟುವುದಿಲ್ಲ, ಮೀನು ಮಾತ್ರ. ಅದನ್ನು ಟ್ರಾಸ್ಕನಿಗೆ ಹೇಳಬೇಕೆಂದು ಲೊರೆಟಾಳಿಗೆ ಹೊಳೆಯಲೇ ಇಲ್ಲ. ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆಂದು ಯಾರಾದರೂ ಯಾರಿಗಾದರೂ ಹೇಳುತ್ತಾರೆಯೇ?

“ಕೂತ್ಕೊಳಿ ಕೋಚ್, ಮೀನು ಬಿಸಿಬಿಸಿ ಇದೆ” ಎಂದಳು ಬರ್ನೀಸ್.

“ಥ್ಯಾಂಕ್ಸ್, ನಾನು ಮೀನು ತಿನ್ನಲ್ಲ. ಚಿಕನ್ ಏನಾದ್ರೂ ಇದ್ಯಾ?”

“ಇವತ್ತು ಶುಕ್ರವಾರ.”

“ಹೌದೌದು, ಶುಕ್ರವಾರ” ಎಂದ ಟ್ರಾಸ್ಕ್, ಅವಳು ವಾರ ಮರೆತಿದ್ದಾಳೇನೋ ಎಂಬಂತೆ.

ಜೋಲೀನ್ ತುಟಿ ಕಚ್ಚಿ ನಗು ತಡೆದಳು. ಟ್ರಾಸ್ಕ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ತನ್ನ ಹಳೆಯ ಆಟಗಳ ವಿಡಿಯೊ ತೋರಿಸಿದ. ಬರ್ನೀಸ್ ಎಲ್ಲ ಮುಗಿಯುವವರೆಗೆ ಕೈಕಟ್ಟಿ ಕೂತಿದ್ದು, ಲೊರೆಟಾಳ ಕಡೆ ತಿರುಗಿದಳು.

“ಏನೇ, ಬಾಯಿಗೆ ಬೀಗ ಹಾಕ್ಕೊಂಡಿದೀಯಾ? ಹೋದ್ ಸಲ ನೀನೊಂದ್ ಮಾತು ಹೇಳಿದ್ದೆ. ಇನ್ನೊಂದ್ ಸಲ ಹೇಳು, ಕೇಳ್ತೀನಿ.”

ಹೇಳು, ಹೇಳಿಬಿಡು ಎಂದಿತು ಟ್ರಾಸ್ಕನ ಕಣ್ಣು. ಹೇಳಿದರೆ ಹುಡುಗಿ ಕಾಲೇಜಿಗೆ ಸೇರುವ ಒಪ್ಪಂದಕ್ಕೆ ಸಹಿ ಹಾಕುವಳು. ಬೇಸಿಗೆಯಲ್ಲಿ ಲೊರೆಟಾಳಿಗೆ ಗೇಟ್‌ಪಾಸ್ ಸಿಕ್ಕರೆ ಆ ಸಹಿಯನ್ನು ಯಾರು ಅಳಿಸುತ್ತಾರೆ? ಲೊರೆಟಾ ತಲೆ ತಗ್ಗಿಸಲಿಲ್ಲ.

“ಹೇಳಕ್ಕಾಗಲ್ಲ ಬರ್ನೀಸಕ್ಕ. ಇರ್ತೀನೋ ಇಲ್ವೋ ನಂಗೇ ಗೊತ್ತಿಲ್ಲ. ಅದು ಇವ್ರ ಕೈಲಿದೆ.”

“ಅದು... ಇನ್ನೂ ತೀರ್ಮಾನ ಆಗಿಲ್ಲ” ಎಂದ ಟ್ರಾಸ್ಕ್.

ಜೋಲೀನಳ ನಗು ಅಲ್ಲಿಗೇ ಇಂಗಿತು. ಬರ್ನೀಸ್ ಎದ್ದು, ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಇಬ್ಬರಿಗೂ ಒಂದೊಂದು ತಟ್ಟೆ ಕೆನೆಯ ಪೈ ಎಂಬ ಸಿಹಿತಿಂಡಿ ಕೊಟ್ಟಳು.

ಕಾರು ಊರು ದಾಟುವ ಮೊದಲೇ ಟ್ರಾಸ್ಕ್ ಗೆಲುವಾಗಿದ್ದ. “ಮಧ್ಯೆ ಸ್ವಲ್ಪ ಎಡವಟ್ಟಾಯ್ತು. ಆದ್ರೂ ಪೈ ಕೊಟ್ರಲ್ಲ! ಹುಡುಗಿ ಬಂದಂಗೇ ಬಿಡಿ.”

ಲೊರೆಟಾ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದಳು.

“ನಿಮ್ಮ ಪೈ ಯಾವುದ್ರಲ್ಲಿದೆ ನೋಡಿ.”

ಅಂಗಡಿಯಲ್ಲಿ ಸಿಗುವ, ಬಳಸಿ ಬಿಸಾಡುವ ತಗಡಿನ ತಟ್ಟೆ.

“ನಂದು?” ಎಂದಳು ಲೊರೆಟಾ.

ಗಾಜಿನದು. ತಳದಲ್ಲಿ ಟೇಪಿನ ಮೇಲೆ ಮಾಸಿದ ಅಕ್ಷರದಲ್ಲಿ ‘ಬರ್ನೀಸ್ ಶ್ನೆಲ್’ ಎಂದಿತ್ತು.

“ಇಲ್ಲಿ ಗಾಜಿನ ತಟ್ಟೇಲಿ ಕೊಟ್ರೆ ವಾಪಸ್ ತಂದ್ಕೊಡ್ಬೇಕು. ಅಂದ್ರೆ ಮತ್ತೆ ಬಾ ಅಂತ. ತಗಡಿನ ತಟ್ಟೆ, ಮತ್ತೆ ಬರದೇ ಇದ್ರೂ ನಡೆಯುತ್ತೆ ಅನ್ನೋರಿಗೆ.”

ಟ್ರಾಸ್ಕ್ ತೊಡೆಯ ಮೇಲಿನ ತಗಡನ್ನು ನೋಡಿದ. “ನಿಮ್ ಜಾಗ ನನ್ ಗೆಳೆಯನಿಗೆ ಕೊಡ್ತೀನಿ ಅಂದಿದ್ದೆ” ಎಂದ.

“ಅವ್ರಿಗೆ ಹುಡುಗೀರನ್ನ ಕರ್ಕೊಂಬಂದು ಗೊತ್ತಾ?”

“ನನ್ನಷ್ಟೇ.”

ತನ್ನ ಪ್ರಾಯವೆಲ್ಲ ಈ ರಸ್ತೆಗಳಿಗೆ ಸವೆದದ್ದು ಈ ಗೆಳೆಯನಿಗಾಗಿಯೇ? ಆದರೂ ಲೊರೆಟಾ ಕೂಗಾಡಲಿಲ್ಲ.

“ಕೋಚ್, ನಾನು ಕೆಲ್ಸಕ್ಕೋಸ್ಕರ ಕೈ ಮುಗಿಯಲ್ಲ. ಉಳಿಸ್ಕೊಳ್ಳೋಕಾಗ್ದೇ ಇರೋ ಮಾತನ್ನ ಆ ತಾಯಿಲ್ದ ಮಗೂಗೆ ಹೇಳೋದೂ ಇಲ್ಲ. ಕಾರು ಕಾಲೇಜಿನ ಕಡೆ ಮುಖ ಮಾಡಿದೆ. ತಿರುಗಿಸು ಅಂದ್ರೆ ತಿರುಗಿಸ್ತೀನಿ. ಯೋಚ್ನೆ ಮಾಡಿ ಹೇಳಿ.”

ಟ್ರಾಸ್ಕ್ ಫೋನ್ ತೆಗೆದು ಕೆಳಗಿಳಿದ. ಬೇಲಿಯ ಪಕ್ಕ ನಿಂತು, ತಲೆ ಕೆರೆದುಕೊಳ್ಳುತ್ತ ಗೆಳೆಯನೊಂದಿಗೆ ಬಹಳ ಹೊತ್ತು ಮಾತಾಡಿದ. ಬಂದು ಕೂತಾಗ ಅವನ ಮುಖ ಸಣ್ಣದಾಗಿತ್ತು. “ತಿರುಗ್ಸಿ” ಎಂದ.

ಬಾಗಿಲು ತೆರೆದ ಬರ್ನೀಸ್ ಸೊಂಟದ ಮೇಲೆ ಕೈಯಿಟ್ಟಳು. “ಏನ್ ಮರ್ತು ಹೋದ್ರಿ?”

“ಊಟ” ಎಂದ ಟ್ರಾಸ್ಕ್, ತಗಡಿನ ತಟ್ಟೆ ಹಿಡಿದು ನಿಂತು.

ಆರಿ ತಣ್ಣಗಾಗಿದ್ದ ಮೀನನ್ನು ಅವಳು ಬಿಸಿ ಮಾಡಲಿಲ್ಲ, ಹಾಗೇ ಮುಂದಿಟ್ಟಳು. ಅವನು ಮುಖ ಹಿಂಡದೆ, ಒಂದು ಚೂರೂ ಬಿಡದೆ ತಿಂದ. ಜೋಲೀನ್ ಎದುರಿಗೆ ಕೂತು ನೋಡುತ್ತಲೇ ಇದ್ದಳು. ಕೈ ಒರೆಸಿಕೊಂಡು ಹೇಳಿದ: “ಲೊರೆಟಾ ಇರ್ತಾರೆ. ನಿಮ್ ಹುಡುಗಿ ಓದು ಮುಗ್ಸೋವರೆಗೂ.”

“ಅದನ್ನ ಅವಳ ಬಾಯಲ್ಲಿ ಕೇಳ್ಬೇಕು.”

ಲೊರೆಟಾ ಎಷ್ಟೋ ಮನೆಗಳಲ್ಲಿ ಸಲೀಸಾಗಿ ಆಡಿದ ಮಾತು ಅದು. ಇವತ್ತು ಅದನ್ನು ಹೇಳಲು ಎರಡು ಸಲ ಬಾಯಿ ತೆರೆಯಬೇಕಾಯಿತು. “ನಾನಿರ್ತೀನಿ.”

“ಸರಿ ಕೋಚ್ ಹ್ಯಾಕ್, ಪೆನ್ ತರ್ಲಾ?” ಎಂದಳು ಜೋಲೀನ್.

“ಸಹಿಗೆ ಇನ್ನೂ ಏಪ್ರಿಲ್ ಬರ್ಬೇಕು ಕಣೇ, ಕೂತ್ಕೋ” ಎಂದು ಲೊರೆಟಾ ಕಣ್ಣೊರೆಸಿಕೊಂಡಳು.

ಬರ್ನೀಸ್ ಟ್ರಾಸ್ಕನ ಪಕ್ಕದಲ್ಲಿದ್ದ ತಗಡಿನ ತಟ್ಟೆ ಕಸಿದುಕೊಂಡಳು. ಕಪಾಟಿನಿಂದ ಇನ್ನೊಂದು ಗಾಜಿನ ತಟ್ಟೆ ತೆಗೆದು ಪೈಯನ್ನು ಅದಕ್ಕೆ ಸುರುವಿದಳು. ಅದು ಮುರಿದು ಮುದ್ದೆಯಾಯಿತು. ಅವಳೇನೂ ತಲೆಕೆಡಿಸಿಕೊಳ್ಳದೆ ತಟ್ಟೆಯನ್ನು ಅವನ ಕೈಗೇ ಇಟ್ಟಳು.

“ತೊಳ್ದು ತಂದ್ಕೊಡಪ್ಪ” ಎಂದಳು. “ಖಾಲಿ ತಟ್ಟೆ ಮಾತ್ರ ತರಬೇಡ.”