ಶಿರಾಲಿ ದಾಟುವಾಗ ಕೇಳಿದ ದನಿ

ದೆವ್ವ, ಭೂತ, ಕನಸಿನ ಸೂಚನೆ ಇವನ್ನೆಲ್ಲ ನಾನು ಎಂದೂ ನಂಬಿದವಳಲ್ಲ. ಹೊನ್ನಾವರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಸ್ಟಾಫ್ ರೂಮಿನಲ್ಲಿ ಇಂಥ ಕತೆ ತೆಗೆದವರನ್ನು ಆಡಿಕೊಂಡು ನಕ್ಕಿದ್ದೇನೆ. ಈಗ ನೀವು ನಗುವುದಾದರೆ ನಗಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮ ರಾಘುವಿನ ಕಣ್ಣು ಹಳದಿಯಾಯಿತು. ಹೊಳನಗದ್ದೆಯ ನಮ್ಮ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಕಾಮಾಲೆಗೆ ನಮ್ಮ ಕಡೆ ಡಾಕ್ಟರನ್ನು ಯಾರು ಕೇಳುತ್ತಾರೆ? ಆಯಿ ಮಗನನ್ನು ಕತಗಾಲದ ಕಡೆ ಬೇರಿನ ಔಷಧ ಕೊಡುವವರಲ್ಲಿಗೆ ಕರೆದೊಯ್ದಳು. ಐದು ದಿನ ಬರಿಹೊಟ್ಟೆಗೆ ಬೇರಿನ ರಸ, ಉಪ್ಪಿಲ್ಲದ ಗಂಜಿ. ವಿಜ್ಞಾನದ ಟೀಚರಾದ ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಆ ಸಿಟ್ಟು ನನ್ನ ಮೇಲೆ ನನಗೆ ಇಂದಿಗೂ ಇದೆ.

ಆರನೆಯ ದಿನ ಬೆಳಿಗ್ಗೆ ಅವನು ನನ್ನ ಗುರುತು ಹಿಡಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಬ್ಬಿಸಿದರೂ ಏಳದಾದ. ಲಿವರ್ ಕೈಕೊಡುತ್ತಿದೆ, ಉಡುಪಿ ಕಡೆಯ ದೊಡ್ಡಾಸ್ಪತ್ರೆಗೆ ಈಗಲೇ ಒಯ್ಯಿರಿ ಎಂದರು ಕುಮಟಾದ ಡಾಕ್ಟರು. ಇಷ್ಟು ಬೇಗ ಹೀಗಾಗಲು ಏನು ತಿಂದಿದ್ದ ಎಂದು ಮತ್ತೆ ಮತ್ತೆ ಕೇಳಿದರು. ಬೇರಿನ ರಸ ಬಿಟ್ಟರೆ ನಮಗೇನು ಗೊತ್ತು?

ಆಂಬುಲೆನ್ಸಿನಲ್ಲಿ ನಾನು, ಆಯಿ, ಒಬ್ಬ ನರ್ಸ್. ಶಿರಾಲಿ ದಾಟುವಾಗ ರಾಘುವಿನ ದನಿ ನನ್ನ ಕಿವಿಯ ಹತ್ತಿರವೇ ಕೇಳಿತು.

"ಅಕ್ಕಾ, ಪಾರ್ಟಿಲಿ ನಶೆ ಮಾತ್ರೆ ನುಂಗಿದ್ದೆ. ನಾಲ್ಕು. ಡಾಕ್ಟರಿಗೆ ಹೇಳು."

ತಿರುಗಿ ನೋಡಿದೆ. ಆಕ್ಸಿಜನ್ ಮಾಸ್ಕಿನೊಳಗೆ ಅವನ ತುಟಿ ಅಲ್ಲಾಡುತ್ತಿರಲಿಲ್ಲ. ನರ್ಸನ್ನು ಕೇಳಿದರೆ ತನಗೇನೂ ಕೇಳಿಸಲಿಲ್ಲ ಎಂದಳು. ಆಯಿಗೆ ಹೇಳಿದಾಗ ಅವಳ ಮುಖ ಕಪ್ಪಿಟ್ಟಿತು.

"ನಿಂಗೆ ಎಂತ ಆತು? ಕಾಮಾಲೆ ಅಂತ ಹೇಳು, ಸಾಕು. ನಾಳೆ ಊರಲ್ಲಿ ತಲೆ ಎತ್ತಿ ತಿರುಗೂದು ಬೇಡ್ವಾ?"

"ತಲೆ ಆಮೇಲೆ ಎತ್ತಿದ್ರಾತು. ಮೊದ್ಲು ಅವ ಉಳೀಲಿ," ಎಂದೆ.

ಎಮರ್ಜೆನ್ಸಿಯ ಬಾಗಿಲಲ್ಲೇ ಡಾಕ್ಟರಿಗೆ ಎಲ್ಲ ಹೇಳಿದೆ, ಬೇರಿನ ರಸವನ್ನೂ ಬಿಡದೆ. ಆಯಿ ಪಕ್ಕದಲ್ಲೇ ನಿಂತು ಸುಳ್ಳು ಎಂದಳು. ಡಾಕ್ಟರು ನನ್ನ ಮಾತು ಹಿಡಿದು ಅದಕ್ಕೆ ತಕ್ಕ ಔಷಧದ ಡ್ರಿಪ್ ಹಾಕಿ ಐಸಿಯುಗೆ ಒಯ್ದರು. ಹನ್ನೊಂದು ದಿನ ಜೀವ ಕೈಯಲ್ಲಿ ಹಿಡಿದು ಹೊರಗೆ ಕೂತೆವು. ರಾಘು ಉಳಿದ.

ಎಚ್ಚರವಾದ ಮೇಲೆ ಅವನನ್ನೇ ಕೇಳಿದೆ. ಅತ್ತುಬಿಟ್ಟ. ಕಣ್ಣು ಹಳದಿಯಾಗುವ ಮೊದಲು ಗೆಳೆಯರ ಪಾರ್ಟಿಯಲ್ಲಿ ನುಂಗಿದ್ದು ನಿಜ, ಸರಿಯಾಗಿ ನಾಲ್ಕು ಮಾತ್ರೆ. ಆದರೆ ಆಂಬುಲೆನ್ಸು ಅವನಿಗೆ ನೆನಪೇ ಇಲ್ಲ. ಆ ಸ್ಥಿತಿಯಲ್ಲಿ ಮಾತಾಡುವುದು ಸಾಧ್ಯವಿಲ್ಲ, ನಿಮಗೆ ಮೊದಲೇ ಸಂಶಯವಿದ್ದಿರಬೇಕು ಎಂದರು ಡಾಕ್ಟರು. ಸಂಶಯವಿದ್ದಿದ್ದರೆ ಐದು ದಿನ ಆ ರಸ ಕುಡಿಸಲು ಬಿಡುತ್ತಿದ್ದೆನೇ? ದೇವರೇ ನುಡಿಸಿದ್ದು ಎನ್ನುವ ನೆಂಟರ ಮಾತನ್ನೂ ನಾನು ಒಪ್ಪಿಲ್ಲ. ಆ ದನಿ ಎಲ್ಲಿಂದ ಬಂತೆಂದು ನನಗೆ ಗೊತ್ತಿಲ್ಲ.

ಆಯಿ ಈಗಲೂ ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ. ಸುದ್ದಿ ಊರೆಲ್ಲ ಹಬ್ಬಿ ರಾಘುವಿಗೆ ಯಾರೂ ಹೆಣ್ಣು ಕೊಡುತ್ತಿಲ್ಲ, ಅದಕ್ಕೆ ನಾನೇ ಕಾರಣವಂತೆ. ಆಗಲಿ. ಹೆಣ್ಣು ಹುಡುಕಲು ಅವಳಿಗೆ ಮಗ ಉಳಿದಿದ್ದಾನಲ್ಲ.