ರೂಟರ್ ಕೆಟ್ಟ ದಿನ ಕಂಪನಿಗೆ ಬೇಕಾಗಿದ್ದು ನನ್ನ ತಂಗಿಯ ಧ್ವನಿ

ಕಳೆದ ಮಂಗಳವಾರ ಬೆಳಗ್ಗೆ ಹತ್ತೂವರೆಗೆ ನಮ್ಮ ಮನೆಯ ರೂಟರ್‌ನ ದೀಪಗಳೆಲ್ಲ ಒಟ್ಟಿಗೇ ಆರಿಹೋದವು. ಮಧ್ಯಾಹ್ನ ಮೂರಕ್ಕೆ ತಂಗಿ ಸುಮಾಳ ಇಂಟರ್‌ವ್ಯೂ.

ಸುಮಾಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ, ಮಾತೂ ಬರುವುದಿಲ್ಲ. ನಾವಿಬ್ಬರೂ ಕೈಸನ್ನೆಯಲ್ಲೇ ಮಾತಾಡುತ್ತೇವೆ. ಇಂಟರ್‌ವ್ಯೂ ಕೂಡ ವಿಡಿಯೋದಲ್ಲಿ, ಸನ್ನೆಯಲ್ಲೇ.

ಮೊಬೈಲ್ ಡೇಟಾ ಇರಲಿಲ್ಲವೇ ಎಂದು ಕೇಳಬೇಡಿ. ಬಸವನಗುಡಿಯ ನಮ್ಮ ಹಳೇ ಮನೆಯ ಗೋಡೆಗಳು ದಪ್ಪ, ಒಳಗೆ ವಿಡಿಯೋ ನಿಂತು ನಿಂತು ಬರುತ್ತದೆ. ಪರದೆಯ ಮೇಲೆ ಕೈ ಅರ್ಧಕ್ಕೆ ನಿಂತರೆ ಅವಳ ಮಾತೂ ಅರ್ಧಕ್ಕೇ ನಿಂತಂತೆ.

ರಜೆ ಹಾಕಿ ಮನೆಯಲ್ಲಿದ್ದ ನಾನು ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬರು ಸಿಕ್ಕರು. ಕನೆಕ್ಷನ್ ಇರುವುದು ಸುಮಾಳ ಹೆಸರಿನಲ್ಲಿ.

"ಸರ್, ವೆರಿಫಿಕೇಶನ್‌ಗೆ ಅವ್ರೇ ಮಾತಾಡ್ಬೇಕು."

"ಅವಳಿಗೆ ಕಿವಿ ಕೇಳ್ಸಲ್ಲ, ಮಾತು ಬರಲ್ಲ ಮೇಡಂ."

"ಅರ್ಥ ಆಯ್ತು ಸರ್. ಒಂದೇ ಒಂದ್ಸಲ ಹೆಸರು ಹೇಳಿದ್ರೆ ಸಾಕು."

ಎಂಥ ಔದಾರ್ಯ ನೋಡಿ! ಹುಟ್ಟಿದಾಗಿನಿಂದ ಅವಳ ಬಾಯಿಂದ ಅಮ್ಮನಿಗೂ ಕೇಳಿಸದ ಆ ಹೆಸರನ್ನು ಇವರ ರೆಕಾರ್ಡಿಂಗ್‌ಗೋಸ್ಕರ ಅವಳು ಒಂದೇ ಒಂದು ಸಲ ಹೇಳಿಬಿಡಬೇಕಂತೆ...

ಸೂಪರ್‌ವೈಸರ್‌ಗೆ ಕೊಡಿ ಎಂದೆ. ಆತ ಇನ್ನೂ ಬುದ್ಧಿವಂತ. "ಪರವಾಗಿಲ್ಲ ಸರ್, ಅವ್ರಿಗೆ ಮಾತಾಡೋಕೆ ಆದಾಗ ಒಂದು ಕಾಲ್ ಮಾಡ್ಸಿ."

ಕೊನೆಗೆ ಅವರ ಆ್ಯಪ್‌ನಲ್ಲೇ ಸುಮಾಳ ಫೋನಿನಿಂದ ದೂರು ಬರೆದೆ, ಅವಳಿಗೆ ಕಿವಿ ಕೇಳಿಸದು ಎಂದೂ ಸೇರಿಸಿದೆ. ಉತ್ತರ ತಕ್ಷಣ ಬಂತು: ಖಚಿತಪಡಿಸಿಕೊಳ್ಳಲು ನಮ್ಮ ಪ್ರತಿನಿಧಿ ನಿಮಗೆ ಕರೆ ಮಾಡುತ್ತಾರೆ!

ಕರೆಯೂ ಬಂತು. ನಾನು ಎತ್ತಿದೆ. ಗಂಡಸಿನ ಧ್ವನಿ ಕೇಳಿ ಅವರು ಇಟ್ಟುಬಿಟ್ಟರು. ಎರಡು ನಿಮಿಷಕ್ಕೆ ಮೆಸೇಜು... ಗ್ರಾಹಕರು ಪ್ರತಿಕ್ರಿಯಿಸದ ಕಾರಣ ದೂರನ್ನು ಮುಕ್ತಾಯಗೊಳಿಸಲಾಗಿದೆ.

ಇಷ್ಟು ಹೊತ್ತಿನಲ್ಲಿ ಸುಮಾ ನಾಲ್ಕೈದು ಸಲ ನನ್ನ ತೋಳು ಜಗ್ಗಿದ್ದಳು. ನಾನು ಫೋನನ್ನು ಕಿವಿಗೊತ್ತಿಕೊಂಡು, ಸ್ವಲ್ಪ ಇರು ಎಂದು ಅವಳ ಮುಖಕ್ಕೆ ಅಂಗೈ ಅಡ್ಡ ಹಿಡಿದಿದ್ದೆ. ಅವಳ ಪರವಾಗಿ ಹೋರಾಡುತ್ತಿದ್ದೇನಲ್ಲ, ಅವಳನ್ನು ನೋಡಲು ಪುರುಸೊತ್ತೆಲ್ಲಿ?

ಮತ್ತೆ ಕಸ್ಟಮರ್ ಕೇರ್‌ನ ಸಂಗೀತ ಕೇಳುತ್ತಾ ಕೂತೆ. ಒಂದು ಗಂಟೆಗೆ ತಲೆ ಎತ್ತಿ ನೋಡಿದರೆ ಸುಮಾ ಇಲ್ಲ, ಅವಳ ಫೋನಿಲ್ಲ, ರೂಟರ್‌ನ ಅಡಾಪ್ಟರೂ ಇಲ್ಲ. ನನ್ನ ಫೋನಿಗೆ ಅವಳ ಮೆಸೇಜು ಬಂದಿತ್ತು: "ಗಾಂಧಿ ಬಜಾರ್‌ನ ಎಲೆಕ್ಟ್ರಿಕಲ್ ಅಂಗಡೀಲಿದೀನಿ."

ಓಡಿದೆ.

ಅಂಗಡಿಯಾತ ನಮ್ಮ ಅಡಾಪ್ಟರ್‌ಗೆ ಮೀಟರ್ ಹಿಡಿದು ನೋಡುತ್ತಿದ್ದರು. ಮುಳ್ಳು ಅಲ್ಲಾಡಲಿಲ್ಲ. ಸುಮಾ ತನ್ನ ಫೋನಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅವರಿಗೆ ಹಿಡಿದಿದ್ದಳು: "ಹನ್ನೆರಡು ವೋಲ್ಟ್, ಒಂದೂವರೆ ಆಂಪ್, ಇದೇ ಸೈಜಿನ ಪಿನ್. ಬೇರೆ ಬೇಡ."

"ಇವ್ರು ಬರೋವಾಗ್ಲೇ ಕಂಡುಹಿಡ್ಕೊಂಡು ಬಂದಿದಾರೆ ಸಾರ್," ಎಂದು ನನಗೆ ಹೇಳಿ, ಅದನ್ನೇ ತಮ್ಮ ಫೋನಿನಲ್ಲಿ ಟೈಪ್ ಮಾಡಿ ಅವಳಿಗೂ ತೋರಿಸಿದರು. ಆ ಮನುಷ್ಯನಿಗೆ ಯಾವ ಟ್ರೇನಿಂಗೂ ಯಾರೂ ಕೊಟ್ಟಿರಲಿಕ್ಕಿಲ್ಲ.

ಹೇಗೆ ಗೊತ್ತಾಯಿತು ಎಂದು ಸನ್ನೆಯಲ್ಲಿ ಕೇಳಿದೆ. ಯಾವಾಗಲೂ ಬೆಚ್ಚಗಿರುವ ಅಡಾಪ್ಟರ್ ತಣ್ಣಗಿತ್ತಂತೆ. ಅದೇ ಪ್ಲಗ್‌ಗೆ ಫೋನ್ ಚಾರ್ಜರ್ ಹಾಕಿದರೆ ಕೆಲಸ ಮಾಡಿತಂತೆ. ಅಂದರೆ ಕರೆಂಟಿದೆ, ಸತ್ತಿರುವುದು ಅಡಾಪ್ಟರ್.

"ಬೆಳಗ್ಗೆಯಿಂದ ಅದನ್ನೇ ಹೇಳ್ತಿದ್ದೆ," ಎಂದು ಅವಳ ಕೈಗಳು ಹೇಳಿದವು. ಗಾಂಧಿ ಬಜಾರ್‌ನಲ್ಲಿ ಅಷ್ಟು ಜನರ ನಡುವೆ ನಾನು ನೆಲ ನೋಡುತ್ತಾ ನಿಂತೆ. ಕಂಪನಿಯವರಿಗೆ ಅವಳು ಕಾಣುವುದಿಲ್ಲ, ಸರಿ. ನಾನು ಒಡಹುಟ್ಟಿದವನು!

ಎರಡು ಗಂಟೆಗೆ ಹೊಸ ಅಡಾಪ್ಟರ್ ಹಾಕಿದಳು, ದೀಪಗಳು ಬಂದವು. ಮೂರಕ್ಕೆ ರೂಮಿನ ಬಾಗಿಲು ಹಾಕಿಕೊಂಡಳು. ಶುಕ್ರವಾರ ಇಂಟರ್‌ವ್ಯೂನ ಎರಡನೇ ಸುತ್ತಿಗೆ ಕರೆದಿದ್ದಾರೆ.

ನಿನ್ನೆ ಕಂಪನಿಯಿಂದ ಮತ್ತೊಂದು ಮೆಸೇಜು: ನಿಮ್ಮ ಸಮಸ್ಯೆ ಬಗೆಹರಿಸಿದ್ದಕ್ಕೆ ನಮಗೆ ಸಂತೋಷವಾಗಿದೆ. ಎಷ್ಟು ಸ್ಟಾರ್ ಕೊಡುತ್ತೀರಿ?

ಬೇರೆ ಕಂಪನಿ ಹುಡುಕುತ್ತಿದ್ದೇವೆ... ಮಾತು ಬರದವರ ದೂರನ್ನೂ ದೂರು ಎಂದು ತೆಗೆದುಕೊಳ್ಳುವವರು ಬೆಂಗಳೂರಿನಲ್ಲಿ ಯಾರಾದರೂ ಇದ್ದಾರಾ?