ದೊಡ್ಡವ್ವನ ಹಣೆಯ ಗಂಟು

ನಮ್ಮ ದೊಡ್ಡವ್ವನ ಹಣೆಯ ಮೇಲೆ, ಕುಂಕುಮಕ್ಕಿಂತ ಸ್ವಲ್ಪ ಮೇಲೆ, ಹುಣಸೆ ಬೀಜದಷ್ಟು ಗಾತ್ರದ ಒಂದು ಗಂಟಿತ್ತು. ಅದು ಹುಟ್ಟಿನಿಂದ ಬಂದದ್ದಲ್ಲ, ಬಾಗಿಲಿನಿಂದ ಬಂದದ್ದು. ಸುರಪುರದ ಹತ್ತಿರದ ಹಳ್ಳಿಯಲ್ಲಿದ್ದ ಅವಳ ಕಲ್ಲಿನ ಮನೆಯ ತಲಬಾಗಿಲು ಗಿಡ್ಡ, ಅವಳೋ ಊರಿನ ಗಂಡಸರಿಗಿಂತ ಎತ್ತರ. ಬಗ್ಗಿ ನಡೆದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಯಾರೋ ಬಂದರು ಅಂದರೆ ಸಾಕು, ಬಗ್ಗುವಷ್ಟು ತಾಳ್ಮೆ ಅವಳಿಗೆಲ್ಲಿಂದ ಬರಬೇಕು?

"ಬಂದವ್ರು ಬಾಗಲಾ ಬಡೀಬಾರ್ದವ್ವ. ಅಷ್ಟ್ರಾಗ ನಾವು ಹೊರಗ ಬಂದಿರಬೇಕು" ಅನ್ನುತ್ತಿದ್ದಳು. ಹಾಗಾಗಿ ಬಾಗಿಲು ಬಡಿಯುವ ಕೆಲಸ ಅವಳ ಹಣೆಗೇ ಬಿದ್ದಿತ್ತು. ಟಣ್ ಎಂದು ಸದ್ದಾಯಿತೆಂದರೆ ಓಣಿಯವರೆಲ್ಲ "ದೊಡ್ಡವ್ವನ ಮನಿಗಿ ಬೀಗರು ಬಂದಾರ" ಎಂದು ನಗುತ್ತಿದ್ದರು. ಒಂದು ಕೈಯಲ್ಲಿ ಹಣೆ ತಿಕ್ಕುತ್ತಾ ಇನ್ನೊಂದು ಕೈಯಲ್ಲಿ ಬಂದವರ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋಗುವಳು. ನೀರು ಬೆಲ್ಲ ಕೊಟ್ಟ ಮೇಲೆಯೇ ನೀವು ಯಾರು ಎಂಬ ಪ್ರಶ್ನೆ. ಒಮ್ಮೆ ಪಕ್ಕದ ಮನೆಗೆ ಬಂದಿದ್ದ ಹೆಣ್ಣು ನೋಡುವವರನ್ನು ಹೀಗೆಯೇ ಎಳೆತಂದು ಊಟಕ್ಕೆ ಕೂರಿಸಿಬಿಟ್ಟಿದ್ದಳು.

ನಾನು ಹೈದರಾಬಾದಿನ ಒಂದು ಕಾಲೇಜಿನಲ್ಲಿ ವಿಮಾನ ಉದ್ಯಮದ ಎಂ.ಬಿ.ಎ. ಕಲಿಸುತ್ತೇನೆ. ಕೆಲಸ ಸಿಕ್ಕಾಗ ದೊಡ್ಡವ್ವ ಕೇಳಿದಳು: "ಇಮಾನ ಹಾರ್ಸಾದು ಕಲಸ್ತಿಯೇನು?"

"ಇಲ್ಲ ದೊಡ್ಡವ್ವ, ಇಮಾನದ ಕಾರಭಾರ ಮಾಡಾದು."

"ತಿಳೀತು ಬಿಡು. ಯಾದಗಿರಿ ಬಸ್ ಸ್ಟ್ಯಾಂಡಿನ್ಯಾಗ ಕಂಟ್ರೋಲರ್ ಕುಂತಿರ್ತಾನಲ್ಲ, ಅದು."

ನಾನು ಇದಕ್ಕಿಂತ ಚೆನ್ನಾಗಿ ಇವತ್ತಿಗೂ ಯಾರಿಗೂ ಹೇಳಿಕೊಟ್ಟಿಲ್ಲ.

ಹೊಸ ತಂಡವನ್ನು ಬರಮಾಡಿಕೊಳ್ಳುವ ಹೊಣೆ ನನಗೆ ಮೊದಲ ಸಲ ಬಂದ ವರ್ಷದ ಮಾತು. ವಾಯುಪಡೆಯಿಂದ ನಿವೃತ್ತರಾದ ಪಂಜಾಬಿನ ಸರದಾರರೊಬ್ಬರು, ಮಿಜೋರಾಮಿನ ಗಗನಸಖಿ, ಕೇರಳದ ಎಂಜಿನಿಯರುಗಳು, ನಮ್ಮ ಗುರುಮಠಕಲ್ಲಿನ ಬಿ.ಕಾಂ. ಹುಡುಗ, ಜಾಂಬಿಯಾದಿಂದ ಬಂದ ಒಬ್ಬ ಹುಡುಗಿ. ನಾನು ಹೂಗುಚ್ಛ ಕೊಟ್ಟೆ, ಭಾಷಣ ಮಾಡಿಸಿದೆ, ಪರದೆಯ ಮೇಲೆ ಚಿತ್ರ ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿ ತಂತಮ್ಮವರ ಪಕ್ಕ ಹೋಗಿ ಕೂತರು. ಊಟದ ಮೇಜುಗಳೂ ಹಾಗೆಯೇ ಬೇರೆಬೇರೆಯಾದವು.

ಜಾಂಬಿಯಾದ ಹುಡುಗಿಗೆ ಮಾತ್ರ ಯಾವ ಮೇಜೂ ಇರಲಿಲ್ಲ. ಅವಳು ವಿಮಾನ ದುರಸ್ತಿಯ ಮೆಕ್ಯಾನಿಕ್, ಬಹಳ ಎತ್ತರ. ಜನ ಕತ್ತೆತ್ತಿ ನೋಡಿ ಪಕ್ಕಕ್ಕೆ ಸರಿಯುತ್ತಿದ್ದರೇ ಹೊರತು ಮಾತಾಡುತ್ತಿರಲಿಲ್ಲ. ಒಂದು ದಿನ ನನ್ನ ಕೋಣೆಗೆ ಬಂದು, "ಸೋಮವಾರ ಊರಿಗೆ ಹೊರಡುತ್ತೇನೆ ಮೇಡಂ. ಇಲ್ಲಿ ನಾನು ಯಾರಿಗೂ ಬೇಕಾಗಿಲ್ಲ" ಎಂದಳು. ಎರಡು ವರ್ಷ ದುಡಿದು, ಮನೆಯವರನ್ನು ಒಪ್ಪಿಸಿ ಬಂದವಳು. ನನಗೆ ನಾಚಿಕೆಯಾಯಿತು.

ಅದೇ ಸಂಜೆ ದೊಡ್ಡವ್ವನ ಫೋನು. "ಎಳ್ಳಮವಾಸಿ ಬಂತು. ನಿನ್ನ ಹೊಸಾ ಮಂದಿನ್ನ ಎಲ್ಲಾರ್ನೂ ಕರ್ಕೊಂಡ್ ಬಾ. ಹೊಲಕ್ಕ ಚರಗಾ ಚೆಲ್ಲಾಕ ಮಂದಿ ಬೇಕು." ನಾನು ಹುಡುಗಿಗೆ, "ಇದೊಂದು ಹಬ್ಬ ಮುಗಿಸಿಕೊಂಡು ಹೋಗು" ಎಂದೆ.

ಯಾದಗಿರಿಯಲ್ಲಿ ರೈಲಿಳಿದು, ಶಹಾಪುರ ದಾಟಿ, ಟೆಂಪೋ ಮನೆ ಮುಂದೆ ನಿಂತಿತು. ಟಣ್! ದೊಡ್ಡವ್ವ ಹಣೆ ತಿಕ್ಕುತ್ತಾ ಓಡಿಬಂದಳು. ಸರದಾರರ ರಟ್ಟೆಯಿಂದ ಹಿಡಿದು ಒಬ್ಬೊಬ್ಬರನ್ನೇ ಒಳಗೆ ಎಳೆದಳು. ಆ ಹುಡುಗಿ ಕೊನೆಯವಳು. ಚಪ್ಪಲಿ ಬಿಟ್ಟು ತಲೆಯೆತ್ತಿದ್ದೇ ತಡ, ಇನ್ನೊಂದು ಟಣ್.

ದೊಡ್ಡವ್ವ ಹುಡುಗಿಯ ಹಣೆ ನೋಡಿದಳು, ಚೌಕಟ್ಟು ನೋಡಿದಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಬಿದ್ದು ಬಿದ್ದು ನಕ್ಕಳು. "ಬಂದಳವ್ವ, ನನ್ನ ಸರಿಜೋಡಿ ಬಂದಳು! ಇಷ್ಟ್ ದಿನ ನಾ ಒಬ್ಬಾಕೀನೇ ಬಡಿಸ್ಕೊಳ್ಳಾಕತ್ತಿದ್ದೆ!" ಎಂದು ತನ್ನ ಗಂಟು ತೋರಿಸಿ, ಹುಡುಗಿಯ ಹಣೆಗೆ ಎಣ್ಣೆ ಹಚ್ಚಿದಳು. ನಾನು ಅನುವಾದಿಸುವ ಮೊದಲೇ ಹುಡುಗಿ ನಗುತ್ತಿದ್ದಳು. ಬಂದಾಗಿನಿಂದ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಹೊಲದಲ್ಲಿ ಪೂಜೆ ಮುಗಿಯಿತು. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಎಲ್ಲ ಚೂರು ಚೂರು ಬೆರೆಸಿ, ಭೂಮಿತಾಯಿಗೆ ಎಡೆಯೆಂದು ಬೆಳೆಯೊಳಗೆ ಚೆಲ್ಲುವ ಚರಗದ ಬುಟ್ಟಿಯನ್ನು ದೊಡ್ಡವ್ವ ಆ ಹುಡುಗಿಯ ಕೈಗೇ ಕೊಟ್ಟಳು. "ಮನಿ ಗಂಡಸು ಚೆಲ್ಲಬೇಕಲ್ಲ" ಎಂದು ದೊಡ್ಡಪ್ಪ ಗೊಣಗಿದ.

"ಎತ್ತರದಾಕಿ ಚೆಲ್ಲಿದ್ರ ದೂರ ಬೀಳ್ತದ. ಭೂಮ್ತಾಯಿ ಏನ್ ಆಧಾರ್ ಕಾರ್ಡ್ ಕೇಳ್ತಾಳೇನು?"

ದೊಡ್ಡವ್ವ ಹೇಳಿಕೊಟ್ಟ ಚರಗದ ಕೂಗನ್ನು, "ಹುಲ್ಲುಲ್ಲಿಗ್ಯೋ" ಎಂದು ಹುಡುಗಿ ಕೂಗುತ್ತಾ ಜೋಳದ ಬೆಳೆಗೆ ಚರಗ ಚೆಲ್ಲಿದಳು. ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುತ್ತಾ ಸರದಾರರು. ಅವರ ಹಿಂದೆ ಇಡೀ ತರಗತಿ, ಕೂಗಿದ್ದೇ ಕೂಗಿದ್ದು. ಬದುವಿನ ಮೇಲೆ ಊಟಕ್ಕೆ ಕೂತಾಗ ಯಾರ ಪಕ್ಕ ಯಾರಿದ್ದರೋ ಯಾರೂ ಗಮನಿಸಲಿಲ್ಲ.

ಸೋಮವಾರ ಹುಡುಗಿ ತರಗತಿಗೆ ಬಂದಳು. ಮುಂದಿನ ಸಲ ನಾನು ದೊಡ್ಡವ್ವನ ಊರಿಗೆ ಹೊರಟಾಗ ನನ್ನ ಕೈಗೆ ಒಂದು ಗಂಟು ಕೊಟ್ಟಳು. ವಿಮಾನದ ಚೂಪು ಅಂಚುಗಳು ತಲೆಗೆ ತಾಗದಂತೆ ಮೆಕ್ಯಾನಿಕ್‌ಗಳು ಕಟ್ಟುವ ಮೆತ್ತನೆಯ ಪಟ್ಟಿ, ಅದಕ್ಕೊಂದು ಕೆಂಪು ರಿಬ್ಬನ್. ದೊಡ್ಡವ್ವ ಅದನ್ನು ಚೌಕಟ್ಟಿಗೆ ಕಟ್ಟಿಸಿ, ಕುಂಕುಮ ಹಚ್ಚಿ, "ಇಮಾನದ ಗಾದಿ" ಎಂದು ಹೆಸರಿಟ್ಟಳು. ಬಂದವರಿಗೆಲ್ಲ ಬೇಕಂತಲೇ ತಲೆ ಬಡಿದು ತೋರಿಸುವಳು.

ಹೋದ ಮಳೆಗಾಲದಲ್ಲಿ ದೊಡ್ಡವ್ವ ತೀರಿಕೊಂಡಳು. ಹೆಗಲ ಮೇಲೆ ಅವಳನ್ನು ಹೊರಗೆ ತರುವಾಗ ಅಣ್ಣಂದಿರು ಬಹಳ ಬಗ್ಗಿದರು. ಅವಳ ತಲೆ ತಾಗದೆ ಆ ಬಾಗಿಲು ದಾಟಿದ್ದು ಅದೊಂದೇ ಸಲ. ಗಾದಿ ಇನ್ನೂ ಅಲ್ಲೇ ಇದೆ. ಜಾಂಬಿಯಾದಿಂದ ಹುಡುಗಿ ಫೋನಿನಲ್ಲಿ ಅತ್ತಳು, ಆಮೇಲೆ ಇಬ್ಬರೂ ಆ ಟಣ್ ನೆನೆದು ನಕ್ಕೆವು.

ನಾನು ಕುಳ್ಳಿ. ಬಾಗಿಲಿಗೆ ತಲೆ ಬಡಿಸಿಕೊಳ್ಳುವ ಯೋಗ ನನಗೆಲ್ಲಿ ಅಂದುಕೊಂಡಿದ್ದೆ. ಈ ವರ್ಷ ಹೊಸ ತಂಡ ಬರುವ ದಿನ, ಗೇಟಿನ ಹತ್ತಿರ ಟ್ರಂಕು ಹಿಡಿದು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದ ಹುಡುಗಿಯೊಬ್ಬಳು ಕಂಡಳು. ಕೈಯಲ್ಲಿದ್ದ ಹೂಗುಚ್ಛ ಬಿಸಾಕಿ ಓಡಿದೆ. ಮಧ್ಯೆ ಕಾಲೇಜಿನ ಗಾಜಿನ ಬಾಗಿಲು ಇದ್ದದ್ದು ಕಾಣಲೇ ಇಲ್ಲ.

ಟಣ್.

ಹಣೆ ತಿಕ್ಕುತ್ತಾ ಹೊರಗೆ ಹೋಗಿ ಅವಳ ರಟ್ಟೆ ಹಿಡಿದೆ. "ಬಾರವ್ವ, ಒಳಗ ಬಾ" ಎಂದೆ.